ನಮ್ಮ ಮೆಟ್ಟಿಲನ್ನು ನಮ್ಮಿಂದಲೇ ಕಾಪಾಡಿದವರಿಗೆ

ಮಾನ್ಯರೇ,

ಸಾಯುತ್ತಿರುವ ನನ್ನ ಅಕ್ಕನಿಗೆ ಎರಡು ಕೊಡ ನದಿ ನೀರು ಬೇಕಾಗಿದೆ. ನದಿ ನಮ್ಮ ಮನೆಯ ಮಾಳಿಗೆಯಿಂದಲೇ ಕಾಣುತ್ತದೆ. ನದಿಗೆ ಇಳಿಯುವ ಹಳೆಯ ಮೆಟ್ಟಿಲುಗಳೂ ಕಾಣುತ್ತವೆ. ನಮಗೂ ಮೆಟ್ಟಿಲಿಗೂ ನಡುವೆ ತಾವು ಹಾಕಿಸಿದ ಕಬ್ಬಿಣದ ಬೇಲಿಯಿದೆ. ಬೇಲಿಗೊಂದು ಗೇಟು, ಗೇಟಿಗೊಂದು ಬೀಗ, ಬೀಗದ ಮೇಲೊಂದು ಬೋರ್ಡು. ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಹೀಗೆ ಬರೆಸಿದ್ದೀರಿ: "ಅಲ್ಪಸಂಖ್ಯಾತರ ಪರಂಪರೆಯ ಸಂರಕ್ಷಿತ ತಾಣ. ಪ್ರವೇಶ ನಿಷೇಧಿಸಿದೆ." ಆ ಅಲ್ಪಸಂಖ್ಯಾತರು ನಾವೇ, ಮಾನ್ಯರೇ. ಆ ಪರಂಪರೆಯೂ ನಮ್ಮದೇ. ತಾವು ಅದನ್ನು ಎಷ್ಟು ಭದ್ರವಾಗಿ ಕಾಪಾಡಿದ್ದೀರೆಂದರೆ, ಅದು ನಮ್ಮ ಕೈಗೂ ಸಿಗದಂತಾಗಿದೆ.

ಅಲ್ಪಸಂಖ್ಯಾತರ ಮತ್ತು ಮೂಲನಿವಾಸಿಗಳ ಹಕ್ಕುಗಳ ರಕ್ಷಣೆಗೆ ರಾಷ್ಟ್ರೀಯ ನೀತಿ ರೂಪಿಸುವ ಸಮಿತಿಗೆ ತಾವು ಅಧ್ಯಕ್ಷರು. ಕರಡು ಸಿದ್ಧವಾಗಿದೆ, ನಾಗರಿಕರು ಸಲಹೆ ಕೊಡಬಹುದು ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದೀರಿ. ಇದೇ ನನ್ನ ಸಲಹೆ. ಬಸ್ರಾದ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು ನಾನು. ಮೂರನೆಯ ವರ್ಷ ಶುರುವಾಗುವ ಮೊದಲೇ ಸೈನ್ಯದಿಂದ ಕರೆ ಬಂತು. ಹಿಂದಿರುಗಿದ ಮೇಲೆ ಅಪ್ಪನ ಬೆಳ್ಳಿ ಅಂಗಡಿಯಲ್ಲಿ ಕೂತೆ, ಇಂಗ್ಲಿಷು ಅಲ್ಲಿಗೇ ನಿಂತಿತು. ಅಧಿಕಾರಿಗಳಿಗೆ ಪತ್ರ ಬರೆಯುವಾಗ ‘ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್’ ಎಂದು ಆರಂಭಿಸಬೇಕೆಂದು ಮೇಷ್ಟ್ರು ಕಲಿಸಿದ್ದು ಮಾತ್ರ ನೆನಪಿದೆ. ಅದರಾಚೆ ಏನು ಬರೆಯಬೇಕೆಂದು ಅವರು ಕಲಿಸಿದ್ದರೋ ಇಲ್ಲವೋ, ಬೇಡುವ ತನಕ ಮಾತ್ರ ನನಗೆ ಬರುತ್ತದೆ. ಹಾಗಾಗಿ ನನಗೆ ಗೊತ್ತಿರುವ ಭಾಷೆಯಲ್ಲೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಸಾವು ನಮ್ಮಲ್ಲಿ ಮನೆಯೊಳಗಿನ ವಿಷಯ. ಹಾಸಿಗೆ ಹಿಡಿದ ಹೆಂಗಸೊಬ್ಬಳ ಮೈ, ಅವಳ ಸ್ನಾನ, ಅವಳ ಕೊನೆಯ ಬಟ್ಟೆ, ಇವೆಲ್ಲ ಪರದೆಯ ಹಿಂದಿನ ಮಾತು. ಅಣ್ಣ ತಮ್ಮಂದಿರು ಕೂಡ ದನಿ ತಗ್ಗಿಸಿಯೇ ಆಡುತ್ತಾರೆ. ಅಂಥದ್ದನ್ನು ನಾನಿವತ್ತು ಪತ್ರಿಕೆಯಲ್ಲಿ, ಸಿಮೆಂಟ್ ಜಾಹೀರಾತಿನ ಪಕ್ಕದಲ್ಲಿ, ಊರಿಗೆಲ್ಲ ಓದಿ ಹೇಳುತ್ತಿದ್ದೇನೆ. ಅಕ್ಕ ಒಪ್ಪಿದ್ದಾಳೆ. ಆದರೂ ಪೆನ್ನು ಹಿಡಿದಾಗಿನಿಂದ ಕಿವಿ ಬಿಸಿಯಾಗಿದೆ.

ನಮ್ಮ ಊರು ಅಮಾರಾದ ಕೆಳಗೆ, ತಾವು ಇಂಗ್ಲಿಷ್ ಪತ್ರಗಳಲ್ಲಿ ಟೈಗ್ರಿಸ್ ಎಂದು ಬರೆಯುವ ನಮ್ಮ ದಿಜ್ಲಾ ನದಿಯ ತಿರುವಿನಲ್ಲಿದೆ. ನಾವು ಮಾಂಡಿಯನ್ನರು. ಊರಿನವರು ಪ್ರೀತಿ ಬಂದಾಗಲೂ ಸಿಟ್ಟು ಬಂದಾಗಲೂ ಸುಬ್ಬಿಗಳು ಎನ್ನುತ್ತಾರೆ, ನಾವೂ ಓಗೊಡುತ್ತೇವೆ. ದೇಶದ ಸಂವಿಧಾನದಲ್ಲಿ ನಮ್ಮ ಹೆಸರಿದೆ. ಊರಿನಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಮನೆಗಳು. ನಮ್ಮ ಧರ್ಮಕ್ಕೆ ದೊಡ್ಡ ಕಟ್ಟಡ ಬೇಡ, ಮಿನಾರು ಬೇಡ, ಗಂಟೆ ಬೇಡ. ಹರಿಯುವ ನೀರೊಂದು ಬೇಕು. ಹುಟ್ಟಿದ ಕೂಸನ್ನು ಅದರಲ್ಲಿ ಅದ್ದುತ್ತೇವೆ, ಮದುವೆ ಗಂಡನ್ನು ಅದ್ದುತ್ತೇವೆ, ಭಾನುವಾರ ಬಂದರೆ ನಾವೇ ಮುಳುಗುತ್ತೇವೆ. ಸಾಯುವವರಿಗೆ ನೀರು ಮನೆಗೆ ಬರುತ್ತದೆ. ದೀಕ್ಷೆ ಪಡೆದ ಗಂಡಸೊಬ್ಬ ಬಿಳಿ ಉಡುಪು ತೊಟ್ಟು ನದಿಗಿಳಿದು, ಹರಿವಿನ ನಡುವಿನಿಂದ ಕೊಡ ತುಂಬಿ ತರಬೇಕು. ಅದರಿಂದ ಸ್ನಾನ ಮಾಡಿಸಿ, ಸಾಯುವವರಿಗೂ ಬಿಳಿ ಉಡುಪು ತೊಡಿಸಬೇಕು. ಇದೆಲ್ಲ ಉಸಿರಿರುವಾಗಲೇ ಆಗಬೇಕು. ಉಸಿರು ನಿಂತ ಮೇಲೆ ಎಷ್ಟು ನೀರು ಸುರಿದರೂ ಅದು ಬರಿಯ ಮೈತೊಳೆಯುವ ಕೆಲಸ. ಆ ಸ್ನಾನವಿಲ್ಲದೆ ಹೊರಟ ಜೀವಕ್ಕೆ ದಾರಿಯಿಲ್ಲ ಎಂಬುದು ನಮ್ಮ ನಂಬಿಕೆ. ತಾವು ನಂಬಬೇಕಾಗಿಲ್ಲ. ತಮ್ಮ ಕರಡಿನ ಮೊದಲ ಪುಟದಲ್ಲಿ ‘ಅವರವರ ನಂಬಿಕೆಯನ್ನು ಗೌರವಿಸುವುದು’ ಎಂದಿದೆಯಲ್ಲ, ಅಷ್ಟು ಸಾಕು.

ನನ್ನ ಹೆಂಡತಿ ಲಮೀಆ ತೀರಿಕೊಂಡ ವರ್ಷದ ಬೇಸಿಗೆಯಲ್ಲಿ ಬೀದಿಯಲ್ಲಿ ಗುಂಡಿನ ಸದ್ದಿತ್ತು. ಸರ್ಕಾರ ಎಲ್ಲಿದೆಯೆಂದು ಸರ್ಕಾರಕ್ಕೇ ಗೊತ್ತಿಲ್ಲದ ದಿನಗಳು. ನದಿಯ ಮೂಲೆಯಲ್ಲಿ ಬಂದೂಕು ಹಿಡಿದ ನಾಲ್ಕಾರು ಜನ ಕೂತಿದ್ದರು. ದೀಕ್ಷೆ ಪಡೆದಿದ್ದ ನನ್ನ ಅಕ್ಕನ ಮಗ ನೂರಿ ಬಿಳಿ ಬಟ್ಟೆಯಲ್ಲಿ, ಎರಡೂ ಕೈಯಲ್ಲಿ ಕೊಡ ಎತ್ತಿ ಹಿಡಿದು ಅವರ ಮುಂದೆಯೇ ನಡೆದುಹೋದ. ಅವರಲ್ಲೊಬ್ಬ ಕೇಳಿದ್ದು ಇಷ್ಟೇ: "ಯಾರಿಗಪ್ಪಾ?"

"ನಮ್ಮ ಅತ್ತೆಗೆ."

"ಬೇಗ ತುಂಬ್ಕೊಂಡು ಹೋಗು ಮಾರಾಯ. ದೇವರು ಹಗುರ ಮಾಡಲಿ."

ಬಂದೂಕಿನವನು ಆ ಕಡೆ ಮುಖ ತಿರುಗಿಸಿದನಂತೆ. ನೂರಿ ತಂದ ನೀರು ಮೈಮೇಲೆ ಬಿದ್ದಾಗ ಲಮೀಆ "ಕೊರೀತಿದೆ ಕಣ್ರೇ" ಎಂದು ನಕ್ಕಳು, ಪರದೆಯಾಚೆ ಕೂತಿದ್ದ ನನಗೆ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಹೋದಳು. ನಮ್ಮಲ್ಲಿ ಸತ್ತವರಿಗಾಗಿ ಅಳುವಂತಿಲ್ಲ. ಅತ್ತರೆ ಆ ಕಣ್ಣೀರು ಅವರ ದಾರಿಗೆ ಅಡ್ಡಲಾಗಿ ನದಿಯಾಗಿ ಹರಿಯುತ್ತದೆ, ದಾಟುವುದು ಕಷ್ಟವಾಗುತ್ತದೆ ಎನ್ನುತ್ತಾರೆ. ನಾನು ಅಳಲಿಲ್ಲ. ಅಳುವ ಅಗತ್ಯವೂ ಅಷ್ಟಾಗಿ ಬೀಳಲಿಲ್ಲ. ಅವಳು ತೊಳೆದುಕೊಂಡು, ಉಟ್ಟುಕೊಂಡು, ಹೊರಟಳು ಎಂಬ ಸಮಾಧಾನವಿತ್ತು. ಗಮನಿಸಬೇಕು ಮಾನ್ಯರೇ, ಆಗ ಈ ದೇಶದಲ್ಲಿ ನಮಗಾಗಿ ಯಾವ ನೀತಿಯೂ ಇರಲಿಲ್ಲ. ಬಂದೂಕಿನವನಿಗೆ ಕರಡು ಓದಿ ಗೊತ್ತಿರಲಿಲ್ಲ. ಅವನಿಗೆ ನಮ್ಮ ಹಕ್ಕುಗಳು ಗೊತ್ತಿರಲಿಲ್ಲ, ನೀರು ಯಾರಿಗೆ ಎಂದು ಕೇಳಬೇಕೆಂಬುದು ಮಾತ್ರ ಗೊತ್ತಿತ್ತು.

ಮಾತು ಎಲ್ಲಿಗೋ ಹೋಯಿತು. ನೀತಿಯ ವಿಷಯಕ್ಕೆ ಬರುತ್ತೇನೆ.

ಕರಡು ಸಿದ್ಧವಾಗುವ ಮೊದಲೇ ನಮ್ಮ ಊರನ್ನು ಪ್ರಾಯೋಗಿಕ ಯೋಜನೆಗೆ ಆರಿಸಿಕೊಂಡಿರಿ. ಮೆಟ್ಟಿಲುಗಳು ಬಹಳ ಹಳೆಯವು, ಸವೆಯುತ್ತಿವೆ, ಕಾಪಾಡಬೇಕು ಎಂದಿರಿ. ನಮಗೆ ಎಷ್ಟು ಸಂತೋಷವಾಯಿತು! ಮೆಟ್ಟಿಲು ಸವೆದದ್ದು ನಮ್ಮ ಕಾಲುಗಳಿಂದ, ಅದನ್ನು ಯಾರೋ ಗಮನಿಸಿದರಲ್ಲ ಎಂದು. ಸವೆಯುವುದನ್ನು ತಪ್ಪಿಸಲು ನಮ್ಮ ಕಾಲುಗಳನ್ನೇ ತಪ್ಪಿಸುತ್ತೀರೆಂದು ನಮಗೆ ಹೊಳೆಯಲಿಲ್ಲ. ಬೇಲಿ ಬಂದ ದಿನ ನೂರಿ ಗುತ್ತಿಗೆದಾರರ ಜನರನ್ನು ಕೇಳಿದ: "ನಾವು ಎಲ್ಲಿ ಇಳಿಯೋದು?" ಅದಕ್ಕೆ ಅವರು, "ಅದಕ್ಕೇ ತಾನೆ ನಿಮಗೆ ಕೊಳ ಬರ್ತಿರೋದು?" ಎಂದರು.

ಕೊಳ ಬಂತು. ನೀಲಿ ಟೈಲ್ಸ್, ಸುತ್ತ ಉಕ್ಕಿನ ಕಂಬಿ, ಮೇಲೊಂದು ನೆರಳಿನ ಚಪ್ಪರ, ಗೋಡೆಯ ಮೇಲೆ ನಮ್ಮ ಲಾಂಛನ. ಉದ್ಘಾಟನೆಗೆ ನಮ್ಮನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿದರು. ಬಿಳಿ ಗಡ್ಡದವರೆಲ್ಲ ಕ್ಯಾಮೆರಾಕ್ಕೆ ಸಿಗುವ ಹಾಗೆ ಕುರ್ಚಿಗಳನ್ನು ಎರಡು ಸಲ ಸರಿಸಿದರು. ಚಹಾ ಬಂತು, ಖರ್ಜೂರ ತುಂಬಿದ ಕ್ಲೇಚಾ ಬಂತು. ಅಮಾರಾದಿಂದ ನಮ್ಮ ಗುರುಗಳನ್ನು ಕರೆಸಿದ್ದರು. ಎಂಜಿನಿಯರರು ಹುಮ್ಮಸ್ಸಿನ ಮನುಷ್ಯ, ಒಳ್ಳೆಯವರೇ. ಗುರುಗಳ ಕೈ ಹಿಡಿದು ಕೊಳದ ಅಂಚಿಗೆ ಕರೆದುಕೊಂಡು ಹೋದರು.

"ಶೇಖ್, ನೀರು ಹರೀತಿರಬೇಕು ಅಂತ ನಿಮ್ಮವರು ಹೇಳಿದ್ರು. ನೋಡಿ ಈಗ." ಗುಂಡಿ ಒತ್ತಿದರು. ಗೋಡೆಯೊಳಗೆ ಮೋಟಾರು ಗುರುಗುಟ್ಟಿತು. ನೀರು ಅಲುಗಾಡಿತು.

ಗುರುಗಳು ಬಹಳ ಹೊತ್ತು ನೋಡಿದರು. "ಇದು ಎಲ್ಲಿಗೆ ಹೋಗ್ತಿದೆ ಮಗಾ?"

"ಆ ಕಡೆಗೆ."

"ಆ ಕಡೆಯಿಂದ?"

"ಮತ್ತೆ ಈ ಕಡೆಗೇ."

"ಹಂಗಾದ್ರೆ ಇದು ಹೋಗ್ತಿಲ್ಲ, ಸುತ್ತುತಿದೆ. ಗಾಣದ ಕತ್ತೆ ಹಂಗೆ."

ಕ್ಯಾಮೆರಾದವನು ನಕ್ಕ. ಎಂಜಿನಿಯರರೂ ನಕ್ಕರು, ಪಾಪ, ಹೊಗಳಿಕೆಯೆಂದು ತಿಳಿದರೇನೋ. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಹೊಸ ನದಿ ನಿಂತುಬಿಟ್ಟಿತು. ಜನರೇಟರಿನವನನ್ನು ಕೂಗಿ ಕರೆಯುವ ತನಕ ಎಲ್ಲರೂ ನಿಂತ ನೀರಿನ ಸುತ್ತ, ಹೆಣದ ಮನೆಯಲ್ಲಿ ನಿಂತ ಹಾಗೆ ನಿಂತಿದ್ದೆವು. ಯಾರೋ ಚಪ್ಪಾಳೆ ಶುರುಮಾಡಿದರು, ಬಹುಶಃ ಆ ಮೌನ ತಡೆಯಲಾರದೆ. ಎಲ್ಲರ ಜೊತೆ ನಾವೂ ತಟ್ಟಿದೆವು. ಅತಿಥಿಗಳಾಗಿ ಕರೆದಿದ್ದರು, ಚಹಾ ಕೊಟ್ಟಿದ್ದರು, ಇನ್ನೇನು ಮಾಡುವುದು? ಕಡಿಮೆ ಜನರಿರುವವರು ಈ ಪಾಠವನ್ನು ಬೇಗ ಕಲಿಯುತ್ತಾರೆ ಮಾನ್ಯರೇ. ಬೇಡದ್ದನ್ನು ಕೊಟ್ಟಾಗಲೂ ನಗುಮುಖದಿಂದ ಇಸಿದುಕೊಳ್ಳಬೇಕು, ಇಲ್ಲದಿದ್ದರೆ ಬೇಕಾದದ್ದು ಮುಂದೆಂದೂ ಬರುವುದಿಲ್ಲ. ಮನೆಗೆ ಬರುವಾಗ ನಾವ್ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಕ್ಕ ಶಮ್ಹಾ ಅವತ್ತು ಬಂದಿರಲಿಲ್ಲ. ನಾನು ತಂದುಕೊಟ್ಟ ಕ್ಲೇಚಾ ತಿನ್ನುತ್ತ ಎಲ್ಲ ಕೇಳಿಸಿಕೊಂಡಳು. "ಒಟ್ಟು ನಮಗೆ ಅಂತ ಒಂದು ದೊಡ್ಡ ಬಾನಿ ಕಟ್ಟಿಸಿದಾರೆ ಅನ್ನು," ಎಂದಳು. "ಸೋಪೂ ಇಟ್ಟಿದಾರೇನೋ?"

ಇಂಥ ನನ್ನ ಅಕ್ಕ ಕಳೆದ ತಿಂಗಳು ಹಾಸಿಗೆ ಹಿಡಿದಳು. ಹೃದಯ ಸೋತಿದೆ, ಇನ್ನು ಔಷಧಿಗಿಂತ ಸಮಾಧಾನ ಮುಖ್ಯ ಎಂದರು ಡಾಕ್ಟರು. ಸಮಾಧಾನ ಎಂದರೆ ಅವಳಿಗೆ ಏನು ಎಂಬುದು ನಮಗೆ ಗೊತ್ತಿತ್ತು. ನಾನು ಗೇಟಿಗೆ ಹೋದೆ. ಅಲ್ಲಿನ ಕಾವಲುಗಾರ ನನ್ನ ಅಂಗಡಿಯ ಹಳೆಯ ಗಿರಾಕಿ, ಮಗಳ ಮದುವೆಯ ಬಳೆ ಮಾಡಿಸಿಕೊಂಡು ಹೋದವನು.

"ಉಸ್ತಾದ್, ನನ್ನ ಹತ್ರ ಕೀಲಿ ಇಲ್ಲ. ಇದ್ದಿದ್ರೆ ನೀವು ಕೇಳೋ ತನಕ ಬಿಡ್ತಿದ್ನಾ?"

"ಹಾಗಾದ್ರೆ ಬೀಗ ಕಾಯ್ತಾ ಕೂತಿದೀಯಾ?"

"ಹೌದು, ನಾನು ಬೀಗ ಕಾಯ್ತೀನಿ. ಕೀಲಿ ಇನ್ಯಾರೋ ಕಾಯ್ತಾರೆ. ಸರ್ಕಾರಿ ಕೆಲಸ ಅಂದ್ರೆ ನಿಮಗೆ ಗೊತ್ತಲ್ಲ." ನಗಿಸಲು ನೋಡಿದ. ಆಮೇಲೆ ನೆಲ ನೋಡಿಕೊಂಡು, "ಅಕ್ಕನಿಗೆ ನನ್ನ ಸಲಾಂ ಹೇಳಿ. ನನ್ನ ಹೆಸರು ಮಾತ್ರ ಹೇಳ್ಬೇಡಿ, ಈ ಗೇಟಲ್ಲಿ ಕೂತಿರೋನು ನಾನು ಅಂತ ಗೊತ್ತಾಗೋದು ಬೇಡ," ಎಂದ.

ಪುರಸಭೆಗೆ ಹೋದೆ. ಅಲ್ಲಿನ ಅಧಿಕಾರಿ ಕುರ್ಚಿ ಎಳೆದು ಕೂರಿಸಿದರು. ಬಹಳ ಮರ್ಯಾದೆ. ಈಚೆಗೆ ಎಲ್ಲ ಕಚೇರಿಗಳಲ್ಲೂ ನಮಗೆ ಮರ್ಯಾದೆ ಹೆಚ್ಚಾಗಿದೆ, ಕೆಲಸ ಆಗದಷ್ಟು ಮರ್ಯಾದೆ. "ನಿಮ್ಮ ತಾಣ ನಮ್ಮ ಕೈಯಲ್ಲಿಲ್ಲ, ಗುತ್ತಿಗೆದಾರರನ್ನ ಕೇಳಿ," ಎಂದರು. ಗುತ್ತಿಗೆದಾರರು, ಕಾಮಗಾರಿ ಮುಗಿಸಿ ಸಮಿತಿಗೆ ಒಪ್ಪಿಸಿದ್ದೇವೆ ಎಂದರು. ಸಮಿತಿಯ ಕಚೇರಿಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹೆಣ್ಣುಮಗಳ ದನಿ ಮೃದುವಾಗಿತ್ತು. ಸಂರಕ್ಷಿತ ತಾಣದೊಳಗೆ ಹೋಗಲು ಅಲ್ಪಸಂಖ್ಯಾತ ಸಮುದಾಯದ ಒಪ್ಪಿಗೆ ಬೇಕು, ಅದನ್ನು ಸಮಿತಿಯ ಮುಂದಿನ ಸಭೆಯಲ್ಲಿ ಮಂಡಿಸಬೇಕು ಎಂದಳು. ನಾನೇ ಆ ಸಮುದಾಯ ತಾಯಿ, ನಾನು ಒಪ್ಪಿದ್ದೇನೆ ಎಂದೆ. "ಹಾಗಲ್ಲ ಚಿಕ್ಕಪ್ಪ, ಅದು ಸರಿಯಾದ ಮಾರ್ಗದಲ್ಲಿ ಬರಬೇಕು," ಎಂದಳು. ಸರಿಯಾದ ಮಾರ್ಗವೆಂದರೆ ಆ ಮೆಟ್ಟಿಲೇ ಅಲ್ಲವೇ ಎಂದು ಕೇಳಬೇಕೆನಿಸಿತು. ಮಗುವಿನ ಮೇಲೆ ರೇಗಿ ಏನು ಪ್ರಯೋಜನವೆಂದು ಇಟ್ಟುಬಿಟ್ಟೆ.

ಬೇರೆ ಕಡೆ ಇಳಿಯಬಾರದೇ ಎಂದು ತಾವು ಕೇಳಬಹುದು. ಬೇಲಿಯಿಂದ ಕೆಳಗೆ ಊರಿನ ಚರಂಡಿ ನದಿಗೆ ಬೀಳುತ್ತದೆ, ಆ ನೀರಿಗೆ ಎಮ್ಮೆಗಳೂ ಮೂತಿ ತಿರುಗಿಸುತ್ತವೆ. ಬೇಲಿಯಿಂದ ಮೇಲೆ ನೀರೆತ್ತುವ ಕೇಂದ್ರವಿದೆ, ಅದರ ಸುತ್ತ ಸೈನಿಕರಿದ್ದಾರೆ, ಹೊರಗಿನವರು ದಡಕ್ಕೆ ಕಾಲಿಡುವಂತಿಲ್ಲ. ನಮಗುಳಿದಿರುವುದು ಆ ಮೆಟ್ಟಿಲು. ಅದಕ್ಕೇ ನಮ್ಮ ಹಿರಿಯರು ಅಲ್ಲಿ ಇಳಿಯುತ್ತಿದ್ದರು, ಅದಕ್ಕೇ ಅದು ತಮ್ಮ ಕಣ್ಣಿಗೆ ಪರಂಪರೆಯಾಗಿ ಕಂಡಿತು.

ಮಂಗಳವಾರ ಮಧ್ಯಾಹ್ನ ಅಕ್ಕನ ಉಸಿರು ಎಳೆಯತೊಡಗಿತು. ತುಟಿ ನೀಲಿಗಟ್ಟಿತು. ನೂರಿ ಬಿಳಿ ಬಟ್ಟೆ ತೊಟ್ಟು ಕೊಡ ಹಿಡಿದು ಗೇಟಿಗೆ ಓಡಿದ. ಬೇಲಿ ಹತ್ತಲು ನೋಡಿದ, ಅವನಿಗೂ ಐವತ್ತು ದಾಟಿದೆ, ಮೇಲಿನ ಮೊನೆಗಳಿಗೆ ಬಟ್ಟೆ ಸಿಕ್ಕಿ ಹರಿಯಿತು. ಮನೆಯಿಂದ ನೂರಿಯ ಹೆಂಡತಿ ನಜಾತ್ "ಬೇಗ, ಬೇಗ" ಎಂದು ಕೂಗುತ್ತಿದ್ದಳು. ತಾಯಿ ಹೋಗಿಬಿಡುತ್ತಾಳೆಂಬ ಗಾಬರಿಯಲ್ಲಿ ಅವನು ತಮ್ಮ ಕೊಳಕ್ಕೆ ಹೋಗಿ ಎರಡು ಕೊಡ ತುಂಬಿಕೊಂಡು ಬಂದ. ನಮ್ಮ ಶಾಸ್ತ್ರವೆಲ್ಲ ಚಿಕ್ಕಂದಿನಿಂದ ಬಲ್ಲವನು ಅವನು. ಏನೂ ಇಲ್ಲದ್ದಕ್ಕಿಂತ ಇದಾದರೂ ಆಗಲಿ ಎಂದುಕೊಂಡ. ಅವನನ್ನು ನಾನು ಬಯ್ಯಲಾರೆ.

ನಾನು ಪರದೆಯಾಚೆ ಕೂತಿದ್ದೆ. ನಜಾತ್ ಮೊದಲ ತಂಬಿಗೆ ಸುರಿದದ್ದು ಕೇಳಿಸಿತು. ಎರಡನೆಯದು. ಮೂರನೆಯದು. ಬಟ್ಟೆ ತೊಡಿಸಿದ ಸರಭರ ಸದ್ದು. ಆಮೇಲೆ ಅಕ್ಕ ಕೆಮ್ಮಿದಳು.

"ಏನಿದು ವಾಸನೆ?"

ಕೊಳದ ಕ್ಲೋರಿನ್ ಪರದೆಯಾಚೆಗೂ ನಾರುತ್ತಿತ್ತು.

"ನಜಾತ್, ನಾನು ಆಸ್ಪತ್ರೆಯಲ್ಲಿದೀನಾ?"

"ಇಲ್ಲ ಅತ್ತೆ, ಮನೇಲೇ ಇದೀರ."

"ಮತ್ತೆ ಹಲ್ಲಿನ ಡಾಕ್ಟ್ರು ಬಾಯಿ ಮುಕ್ಕಳಿಸೋಕೆ ಕೊಡೋ ನೀರನ್ನ ನನ್ನ ತಲೆ ಮೇಲೆ ಯಾಕೆ ಹಾಕಿದ್ರಿ? ಲೋ ನೂರಿ! ಎಲ್ಲಿಂದ ತಂದ್ಯೋ ಇದನ್ನ?"

ನೂರಿ ಬಾಗಿಲ ಬಳಿ ಗೋಡೆಗೆ ಮುಖಮಾಡಿ ನಿಂತಿದ್ದ. ಐವತ್ತು ದಾಟಿದ ಗಂಡಸು, ಕಿವಿ ಹಿಂಡಿಸಿಕೊಂಡ ಶಾಲೆ ಹುಡುಗನ ಹಾಗೆ. ಕೊನೆಗೆ ಹೇಳಿದ: "ಬೀಗ ಹಾಕಿತ್ತು ಅಮ್ಮಾ."

ಅಕ್ಕ ಬಟ್ಟೆಯನ್ನು ಜಗ್ಗಿದ ಸದ್ದಾಯಿತು. ಆಮೇಲೆ, "ತೆಗೀರಿ ಈ ಬಟ್ಟೇನ," ಎಂದಳು. "ಸುಳ್ಳು ನೀರಿನ ಮೇಲೆ ಈ ಬಟ್ಟೆ ತೊಟ್ಕೊಂಡು ನಾನು ಯಾರ ಮುಂದೆ ಹೋಗಿ ನಿಲ್ಲಲಿ? ತೆಗೀರಿ. ಇವತ್ತು ನಾನು ಎಲ್ಲಿಗೂ ಹೋಗಲ್ಲ."

ಹೋಗಲಿಲ್ಲ. ಸಂಜೆಗೆ ಉಸಿರು ಸರಿಯಾಯಿತು, ಅರ್ಧ ಲೋಟ ಚಹಾ ಕೇಳಿ ಕುಡಿದಳು. ಡಾಕ್ಟರಿಗೆ ಆಶ್ಚರ್ಯ. ನಮಗೆ ಆಶ್ಚರ್ಯವಿಲ್ಲ, ಹಟ ಅವಳಿಗೆ ಹುಟ್ಟಿನಿಂದ ಬಂದದ್ದು. ಆದರೆ ಅವಳು ಬಿಳಿ ಬಟ್ಟೆ ಬಿಚ್ಚಿಸಿಕೊಂಡಳಲ್ಲ, ಅದು ಹೊರಟು ನಿಂತವಳನ್ನು ಹೊಸಿಲಿನಿಂದ ಹಿಂದಕ್ಕೆ ಕಳಿಸಿದ ಹಾಗೆ. ಈ ದೇಶದಲ್ಲಿ ಬದುಕುವುದಕ್ಕೆ ಕಾಗದ ಪತ್ರ ಕೇಳುವುದನ್ನು ಕಂಡಿದ್ದೇನೆ. ಸಾಯುವುದಕ್ಕೂ ಸಮಿತಿಯ ಒಪ್ಪಿಗೆಗೆ ಕಾಯಬೇಕಾಯಿತಲ್ಲ! ಅವತ್ತಿನಿಂದ ಅವಳ ಕೋಣೆಗೆ ಹೋಗಲು ನನಗೆ ಮುಖವಿಲ್ಲ. ಹೋದರೆ, "ಸಿಕ್ತೇನೋ?" ಎಂದು ಕೇಳುತ್ತಾಳೆ. ನೀರು ಎಂಬ ಮಾತನ್ನು ಆಡುವುದೂ ಇಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಇದನ್ನು ಹೇಳುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಸಂಕೋಚ. ಪಕ್ಕದ ಮನೆಯ ಉಮ್ಮ್ ಜಬ್ಬಾರ್ ಮುಸ್ಲಿಮ್ ಹೆಂಗಸು, ಅಕ್ಕನ ಜೊತೆ ನಲವತ್ತು ವರ್ಷದಿಂದ ಗೋಡೆಯ ಮೇಲಿಂದ ಜಗಳವಾಡುತ್ತ, ಸಾರು ಬದಲಾಯಿಸಿಕೊಳ್ಳುತ್ತ ಬಂದವಳು. ಅವಳ ತಮ್ಮ ನೀರೆತ್ತುವ ಕೇಂದ್ರದಲ್ಲಿ ಕೆಲಸಕ್ಕಿದ್ದಾನೆ. ಬುಧವಾರ ಬೆಳಿಗ್ಗೆ ಅವಳು ಅವನಿಗೆ ಊಟ ಕೊಡುವ ನೆಪದಲ್ಲಿ ಒಳಗೆ ಹೋಗಿ, ಸೈನಿಕರ ಕಣ್ಣು ತಪ್ಪಿಸಿ ನದಿ ನೀರನ್ನು ಮೊಸರಿನ ಡಬ್ಬಿಗಳಲ್ಲಿ ತುಂಬಿಕೊಂಡು, ಅಬಾಯಾ ನಿಲುವಂಗಿಯ ಒಳಗೆ ಅಡಗಿಸಿಕೊಂಡು ನಡೆದೇ ಬಂದಳು. ಬಂದವಳು ಡಬ್ಬಿಗಳನ್ನು ನನ್ನ ಮುಂದೆ ಇಟ್ಟಳು. ಬಟ್ಟೆಯೆಲ್ಲ ಒದ್ದೆ.

"ತಗೊಳ್ಳಿ ಸಬ್ತಿ. ಹರಿಯೋ ನೀರು, ನಡುವಿಂದಾನೇ ತುಂಬಿದೀನಿ. ನಿಮ್ಮಕ್ಕ ಹೇಳ್ತಿದ್ದಳಲ್ಲ, ಅಂಚಿನ ನೀರು ಆಗಲ್ಲ ಅಂತ."

ಅವಳಿಗೆ ನಮ್ಮ ಶಾಸ್ತ್ರದ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ನಾನು ಹೇಳಬೇಕಾಯಿತು. ನೀರು ಎಷ್ಟೇ ಶುದ್ಧವಾಗಿರಲಿ, ದೀಕ್ಷೆ ಪಡೆದವನೇ ನದಿಗಿಳಿದು ತರಬೇಕು, ಬೇರೆಯವರು ತಂದದ್ದು ಆ ಸ್ನಾನಕ್ಕೆ ಒದಗುವುದಿಲ್ಲ. ಹೇಳುವಾಗ ನನ್ನ ನಾಲಿಗೆ ಬಿದ್ದುಹೋಗಬಾರದೇ ಎನಿಸಿತು. ನಮಗಾಗಿ ಕಳ್ಳತನ ಮಾಡಿಬಂದ ಹೆಂಗಸಿನ ಮುಂದೆ, ನಿನ್ನ ಕೈ ನೀರು ನಡೆಯುವುದಿಲ್ಲ ಎಂದು ಹೇಳಬೇಕೇ? ನಾವೇನು ಅವಳಿಗಿಂತ ಮೇಲಿನವರೇ? ಅಲ್ಲ, ಇದು ಮೇಲು ಕೀಳಿನ ಮಾತಲ್ಲ, ಇದೊಂದು ಕ್ರಮ. ದೀಕ್ಷೆಯಿಲ್ಲದ ನಾನು ತಂದರೂ ನಡೆಯುವುದಿಲ್ಲ. ಆದರೆ ಒದ್ದೆ ಬಟ್ಟೆಯಲ್ಲಿ ನಿಂತವಳಿಗೆ ಅದನ್ನು ಹೇಗೆ ಬಿಡಿಸಿ ಹೇಳುವುದು? ಮೆಟ್ಟಿಲು ತೆರೆದಿದ್ದರೆ ಈ ಮಾತು ನಮ್ಮಿಬ್ಬರ ನಡುವೆ ಬರುತ್ತಲೇ ಇರಲಿಲ್ಲ. ನಲವತ್ತು ವರ್ಷ ಬಂದಿರಲಿಲ್ಲ.

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು. "ಅಯ್ಯೋ, ಮೊದಲೇ ಹೇಳೋಕೇನಾಗಿತ್ತು? ನನ್ನ ಬೆನ್ನು ಮುರೀತು." ಆಮೇಲೆ ಒಂದು ಡಬ್ಬಿ ಎತ್ತಿ ನಮ್ಮ ದಾಳಿಂಬೆ ಗಿಡಕ್ಕೆ ಸುರಿದಳು. "ಹೋಗ್ಲಿ, ಇದಾದ್ರೂ ಕುಡೀಲಿ. ನೀರನ್ನ ನಾನು ತರೋ ಹಾಗಿಲ್ಲ. ನಿಮ್ಮಕ್ಕನ್ನ ಹೊರಬಹುದಾ? ಅದಕ್ಕೇನಾದ್ರೂ ಶಾಸ್ತ್ರ ಇದೆಯಾ?"

ಒಳಗಿನಿಂದ ಅಕ್ಕನ ದನಿ ಬಂತು: "ಹೊರಬಹುದು ಕಣೇ! ಆದ್ರೆ ನಿನ್ನ ಕೈಲಿ ಆಗಲ್ಲ, ಮೂರು ಹೆಜ್ಜೆಗೆ ಬಿಸಾಕ್ತೀಯ!"

"ನೀನೇನು ಹೆಣ್ಣೆಮ್ಮೇನಾ? ಇರೋದೇ ಎಲುಬು!"

"ಎಲುಬಿಗೂ ಭಾರ ಇರುತ್ತೆ. ಲೋ ಸಬ್ತಿ, ಕೇಳಿಸ್ಕೊಂಡ್ಯಾ? ನೀರು ನನ್ನ ಹತ್ರ ಬರೋಕೆ ಬಿಡಲ್ಲ ಅಂದ್ರೆ ನನ್ನನ್ನೇ ನೀರಿನ ಹತ್ರ ಕರ್ಕೊಂಡು ಹೋಗ್ರೋ. ಭಾನುವಾರ. ಗೇಟಿನವನು ನಿನಗೆ ಇಲ್ಲ ಅಂದ, ನೂರಿಗೆ ಇಲ್ಲ ಅಂದ. ನನ್ನ ಮುಖ ನೋಡಿ ಒಂದ್ಸಲ ಅನ್ನಲಿ ನೋಡೋಣ."

ತಮ್ಮ ಕರಡನ್ನು ನಾನು ಪೂರ್ತಿ ಓದಿದ್ದೇನೆ, ಇಂಗ್ಲಿಷ್ ಪ್ರತಿಯನ್ನೂ ಸೇರಿಸಿ. ಅದರಲ್ಲಿ ‘ಹೆರಿಟೇಜ್’ ಇದೆ, ‘ಫೆಸಿಲಿಟಿ’ ಇದೆ, ‘ಪ್ರಿಸರ್ವೇಶನ್’ ಇದೆ. ಅವುಗಳಲ್ಲಿ ಕೆಲವು ನನಗೆ ಕಾಲೇಜಿನಿಂದಲೇ ಪರಿಚಯ. ಪ್ರಿಸರ್ವೇಶನ್ ಬಂದದ್ದು ಹಣ್ಣನ್ನು ಸಕ್ಕರೆ ಪಾಕದಲ್ಲಿ ಹಾಕಿ ಶೀಶೆಯಲ್ಲಿ ಇಡುವ ಪಾಠದಲ್ಲಿ. ಇಡೀ ಕರಡಿನಲ್ಲಿ ನಾನು ಹುಡುಕಿದ್ದು ಒಂದೇ ಕ್ರಿಯೆ: ಕೇಳುವುದು. ಅದು ಎಲ್ಲಿಯೂ ಇಲ್ಲ. ನಮಗೆ ಏನು ಕೊಡಬೇಕೆಂದಿದೆ, ಹೇಗೆ ಕಾಪಾಡಬೇಕೆಂದಿದೆ, ಯಾವ ಬಣ್ಣದ ಬೋರ್ಡು ಹಾಕಬೇಕೆಂಬುದೂ ಇದೆ. ನಮ್ಮನ್ನು ಕೇಳಬೇಕೆಂದಿಲ್ಲ. ಎಂಜಿನಿಯರರು ಬೇಲಿ ಹಾಕುವ ಮೊದಲು ಶಮ್ಹಾಳ ಮನೆಗೆ ಬಂದು ಒಂದು ಲೋಟ ಚಹಾ ಕುಡಿದಿದ್ದರೆ, ಲೋಟ ಬರಿದಾಗುವುದರೊಳಗೆ ಅವಳು ಎಲ್ಲ ಹೇಳಿ ಕಳಿಸುತ್ತಿದ್ದಳು. ಅಷ್ಟು ಸಮಯ ಇರಲಿಲ್ಲವೇ? ಅಥವಾ ಸತ್ತ ಪರಂಪರೆಯನ್ನು ಕಾಪಾಡುವುದು ಸುಲಭ, ಬದುಕಿರುವವರು ಮಧ್ಯೆ ಮಾತಾಡುತ್ತಾರೆ ಎಂಬ ಅಂಜಿಕೆಯೇ?

ನಮ್ಮವರು ಹೆಚ್ಚಿನವರು ದೇಶ ಬಿಟ್ಟಿದ್ದಾರೆ. ಲಮೀಆಳ ತಮ್ಮ ಆಸ್ಟ್ರೇಲಿಯಾದಲ್ಲಿದ್ದಾನೆ. ಅಲ್ಲಿ ಯಾವುದೋ ನದಿಗೆ ಭಾನುವಾರ ಎಲ್ಲರೂ ಬಿಳಿ ಬಟ್ಟೆಯಲ್ಲಿ ಇಳಿಯುತ್ತಾರಂತೆ. ದಡದಲ್ಲಿ ಮೀನು ಹಿಡಿಯುವವರು ಕೈ ಬೀಸುತ್ತಾರಂತೆ. ಫೋನಿನಲ್ಲಿ ಅವನು ಕೇಳಿದ: "ಭಾವಾ, ಅಕ್ಕ ಶಮ್ಹಾಗೆ ನೀರಿನ ವ್ಯವಸ್ಥೆ ಆಗಿದೆ ತಾನೆ? ನೀವು ನದಿ ದಡದಲ್ಲೇ ಇದೀರಲ್ಲ, ಅದೊಂದು ಪುಣ್ಯ." ನಾನು ಏನು ಹೇಳಲಿ ಮಾನ್ಯರೇ? ನಮ್ಮ ಪುರಾತನರು ಬಂದಿಳಿದ ನದಿಯ ದಡದಲ್ಲಿ ಕೂತು, ಪರದೇಶದ ನದಿಯಲ್ಲಿ ಮುಳುಗುವವನ ಮುಂದೆ ದೇಶದ ಮಾನ ಹೇಗೆ ಉಳಿಸಲಿ? ಸೈನ್ಯದಲ್ಲಿ ಏಳು ವರ್ಷ ದುಡಿದವನು ನಾನು. ಬೇರೆಯವರ ಮುಂದೆ ಈ ದೇಶವನ್ನು ಬಿಟ್ಟುಕೊಟ್ಟು ಅಭ್ಯಾಸವಿಲ್ಲ. "ಎಲ್ಲ ಆಗುತ್ತೆ ಬಿಡಪ್ಪಾ" ಎಂದೆ.

ಈ ನಾಚಿಕೆಯನ್ನು ಇಷ್ಟು ದಿನ ನಾವೇ ಹೊತ್ತೆವು. ನೆಲ ನೋಡಿಕೊಂಡು ಕೂತ ಕಾವಲುಗಾರ ಹೊತ್ತ, ಹ್ಯಾಪು ಮೋರೆ ಹಾಕಿಕೊಂಡು ನೂರಿ ಹೊತ್ತ, ಉಮ್ಮ್ ಜಬ್ಬಾರ್ ಮುಂದೆ ನಿಂತು ನಾನು ಹೊತ್ತೆ. ಬೀಗ ಹಾಕಿದವರೊಬ್ಬರನ್ನು ಬಿಟ್ಟು ಊರಿಗೆಲ್ಲ ನಾಚಿಕೆಯಾಗಿದೆ. ತಮ್ಮ ಪಾಲಿನದನ್ನು ತಾವು ತೆಗೆದುಕೊಳ್ಳಬೇಕೆಂದು ವಿನಂತಿ. ಹೆಚ್ಚೇನಿಲ್ಲ, ಒಬ್ಬ ಮನುಷ್ಯ ಹೊರುವಷ್ಟು.

ಈಗ ಬೇಡಿಕೆ. ಒಂದು: ನೀತಿಯಲ್ಲಿ ಒಂದು ವಾಕ್ಯ ಸೇರಿಸಿ. ಯಾವ ಸಮುದಾಯದ ಹೆಸರಿನಲ್ಲಿ ಏನನ್ನೇ ಕಾಪಾಡುವ ಮೊದಲು ಅದನ್ನು ಬಳಸುವವರ ಮನೆಗೆ ಹೋಗಿ ಕೇಳತಕ್ಕದ್ದು, ಅವರು ಬೇಡವೆಂದರೆ ಬಿಡತಕ್ಕದ್ದು. ಭಾಷೆಯನ್ನು ತಮ್ಮ ವಕೀಲರು ತಿದ್ದಿಕೊಳ್ಳಲಿ. ಇನ್ನೊಂದು ಇದಕ್ಕಿಂತ ಸಣ್ಣದು, ಆದರೆ ಅದಕ್ಕೆ ಸಭೆ ಕಾಯುವ ವ್ಯವಧಾನವಿಲ್ಲ. ಭಾನುವಾರ ಬೆಳಿಗ್ಗೆ ನಾವು ಬರುತ್ತೇವೆ. ಅಕ್ಕನನ್ನು ಮಂಚದ ಸಮೇತ ಎತ್ತಿಕೊಂಡು ಬರುತ್ತೇವೆ, ನಾಲ್ಕು ಕಾಲಿಗೆ ನಾಲ್ಕು ಜನ, ಒಂದು ಕಾಲು ಉಮ್ಮ್ ಜಬ್ಬಾರಳದು, ಅವಳು ಬಿಟ್ಟುಕೊಡುವುದಿಲ್ಲ. ಗುರುಗಳು ಅಮಾರಾದಿಂದ ಬರುತ್ತಾರೆ. ಕೀಲಿ ಯಾರ ಜೇಬಿನಲ್ಲಿದೆಯೋ ಅವರನ್ನು ಅಷ್ಟು ಹೊತ್ತಿಗೆ ಗೇಟಿಗೆ ಕಳಿಸಿಕೊಡಿ. ಮೆಟ್ಟಿಲು ಸವೆಯುತ್ತದೆಂಬ ಚಿಂತೆ ಬೇಡ, ಅಕ್ಕ ಈಗ ಬಹಳ ಹಗುರ.

ಭಾನುವಾರದ ತನಕ ಅವಳು ಉಳಿಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಕಾಯುತ್ತಿದ್ದಾಳೆ, ಆದರೆ ಕಾಯುವುದು ಎಷ್ಟು ದಿನವೆಂಬುದು ಅವಳ ಕೈಯಲ್ಲೂ ಇಲ್ಲ. ಉಳಿಯದಿದ್ದರೂ ನಾವು ಬರುತ್ತೇವೆ. ಖಾಲಿ ಮಂಚವನ್ನು ತಂದು ತಮ್ಮ ಬೋರ್ಡಿನ ಕೆಳಗೆ ಇಟ್ಟು, ಅಳದೆ ಮನೆಗೆ ಹೋಗುತ್ತೇವೆ. ಆಗ ಅದೂ ನಮ್ಮ ಪರಂಪರೆಯೇ. ದಯವಿಟ್ಟು ಅದನ್ನೂ ಕಾಪಾಡಿ.

ಇಂತಿ,
ಭಾನುವಾರ ಬೆಳಿಗ್ಗೆ ಬೇಲಿಯ ಹೊರಗೆ ಸಿಗುವ,
ತಲೆ ತಗ್ಗಿಸಿಕೊಂಡೇ ಸಿಗುವ,
ಸಬ್ತಿ ಹಿರ್ಮಿಜ್